ರೆಕ್ಕೆಗೆ ಹೇರಿದ ಮೂಟೆಗಳು

ಅಥವಾ ಮೊದಲ ಮೂಟೆಯನ್ನು ಎತ್ತಿದ್ದು ನಾನೇ ಇರಬಹುದು. ನೆನಪಿನಲ್ಲಿ ಅದು ಹೊಲದ ಒಡತಿ ಅಕ್ಕನ ಕೈಯಿಂದ ನನ್ನ ಕೈಗೆ ಬರುತ್ತದೆ. ಆದರೆ ಮರಳು ತುಂಬಿದ ಗೊಬ್ಬರದ ಚೀಲವನ್ನು ಯಾರೂ ಹಾಗೆ ಕೈಯಿಂದ ಕೈಗೆ ಕೊಡುವುದಿಲ್ಲ. ಇಬ್ಬರು ಎರಡು ಕಡೆ ಹಿಡಿದು ಎತ್ತುತ್ತಾರೆ, ಇಲ್ಲವೆ ಒಬ್ಬ ಬೆನ್ನ ಮೇಲೆ ಹೊರುತ್ತಾನೆ. ಅಂದಮೇಲೆ ಈ ಚಿತ್ರ ನಾನು ಆಮೇಲೆ ಮಾಡಿಕೊಂಡದ್ದು. ಅದರಲ್ಲಿ ಕೊಡುವವರು ಅವರು, ಇಸಿದುಕೊಳ್ಳುವವನು ನಾನು. ನನಗೆ ಅನುಕೂಲವಾದ ಚಿತ್ರ. ಅದಕ್ಕೇ ಅದನ್ನು ನಂಬುವುದಿಲ್ಲ.

ಗಟ್ಟಿಯಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ಹೋದ ಬೇಸಿಗೆಯ ಕೊನೆ. ಕೆ.ಆರ್. ನಗರದ ಕಡೆ ನಮ್ಮ ಕ್ಲಬ್ಬಿನದೊಂದು ಸಣ್ಣ ಗ್ಲೈಡಿಂಗ್ ಮೈದಾನ ಇದೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಕಾದ ನೆಲದಿಂದ ಏಳುವ ಬಿಸಿಗಾಳಿಯನ್ನು ಹಿಡಿದು ಮೇಲೇರುತ್ತದೆ, ಗಾಳಿ ಕೈಕೊಟ್ಟರೆ ಸಿಕ್ಕ ಹೊಲದಲ್ಲಿ ಇಳಿಯುತ್ತದೆ. ಅದನ್ನು ಹಾರಿಸುವುದು ನನ್ನ ಕೆಲಸವಲ್ಲ. ನೆಲದ ಮೇಲೆ ಇರುವಾಗ ಅದಕ್ಕೆ ಏನೂ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕೇಳುವವರಿಗೆ ಇದು ಸುಲಭ ಅನ್ನಿಸುತ್ತದೆ. ಆದರೆ ಆ ಉದ್ದನೆಯ ರೆಕ್ಕೆಗಳು ಇರುವುದೇ ಸ್ವಲ್ಪ ಗಾಳಿ ಸಿಕ್ಕರೂ ಮೇಲೇಳಲು. ಒಳಗೆ ಪೈಲಟ್ ಇದ್ದಾರೋ ಇಲ್ಲವೋ ಎಂದು ರೆಕ್ಕೆ ಕೇಳುವುದಿಲ್ಲ.

ಆ ದಿನದ ಪೈಲಟ್ ಮೈಸೂರಿನಲ್ಲಿ ಹಲ್ಲಿನ ಡಾಕ್ಟರ್. ರಜೆಯ ದಿನ ಬಂದು ಹಾರುತ್ತಿದ್ದರು. ಪಿರಿಯಾಪಟ್ಟಣದವರೆಗೆ ಹೋಗಿ ಹಿಂತಿರುಗುವ ಯೋಚನೆ. ಹೋದದ್ದು ಚೆನ್ನಾಗಿಯೇ ಆಯಿತು. ಹಿಂತಿರುಗುವಾಗ ಮೋಡ ಕವಿದು, ನೆಲದ ಬಿಸಿ ಇಳಿದು, ಹನಗೋಡಿನ ಹತ್ತಿರ ಒಂದು ಹೊಲದಲ್ಲಿ ಇಳಿಸಿದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ನನಗೇನೂ ಆಗಿಲ್ಲ. ಗ್ಲೈಡರಿಗೂ ಏನೂ ಆಗಿಲ್ಲ. ಆದರೆ ಪಶ್ಚಿಮದ ಕಡೆ ಆಕಾಶ ನೋಡಿದ್ರಾ? ಬೇಗ ಬನ್ನಿ."

ಜೀಪಿನ ಹಿಂದೆ ಉದ್ದನೆಯ ಟ್ರೇಲರ್ ಕಟ್ಟಿಕೊಂಡು ಹೊರಟೆವು. ರೆಕ್ಕೆ ಬಿಚ್ಚಿ, ಎಲ್ಲವನ್ನೂ ಅದರೊಳಗೆ ಜೋಡಿಸಿ ತರುವುದು ರೂಢಿ. ಹುಣಸೂರು ದಾಟಿ ಹನಗೋಡಿನ ದಾರಿ ಹಿಡಿದಾಗ ನಾಗರಹೊಳೆ ಕಾಡಿನ ಮೇಲೆ ಮೋಡ ನೀಲಿಗಟ್ಟಿ ನಿಂತಿತ್ತು. ನಾಲೆಯ ಮೇಲಿನ ಮೋರಿ ಎತ್ತಿನ ಗಾಡಿಗೆ ಸಾಕು, ಟ್ರೇಲರಿಗೆ ಸಾಲದು. ಡ್ರೈವರ್ ಬೇರೆ ದಾರಿ ಹುಡುಕುತ್ತೇನೆಂದು ಸುತ್ತಿಕೊಂಡು ಹೋದ. ನಾನು ಹಗ್ಗ, ಗೂಟಗಳಿದ್ದ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ಹೊಲ ಸೇರಿದೆ.

ಗ್ಲೈಡರ್ ಕೆಂಪು ಹೊಲದ ನಡುವೆ ಒಂದು ರೆಕ್ಕೆ ನೆಲಕ್ಕೆ ಊರಿ ಕೂತಿತ್ತು. ಸುತ್ತ ಹತ್ತಿಪ್ಪತ್ತು ಜನ. ಡಾಕ್ಟರು ಕಾಕ್‌ಪಿಟ್ಟಿನ ಪಕ್ಕ ನಿಂತು, ಬಾಯಿ ಅಗಲ ತೆರೆದಿದ್ದ ಒಬ್ಬ ಗಂಡಸಿನ ದವಡೆಯೊಳಗೆ ಮೊಬೈಲ್ ಬೆಳಕು ಬಿಟ್ಟು ನೋಡುತ್ತಿದ್ದರು.

"ಕೀಳಿಸಬೇಕು," ಎಂದರು.

"ಈಗ್ಲೇ ಕಿತ್ಬುಡಿ ಡಾಕ್ಟ್ರಮ್ಮ, ಆಕಾಸದಿಂದ ಇಳ್ದು ಬಂದಿದ್ದೀರಿ, ಬರಿಗೈಲಿ ಓಗ್ಬಾರ್ದು," ಎಂದ ಅವನು. ಜನ ನಕ್ಕರು.

ಅವನು ಹೊಲದ ಒಡತಿಯ ಮೈದುನ. ಒಡತಿ ಸ್ವಲ್ಪ ದೂರದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಾನು "ಅಕ್ಕಾ, ಒಲಕ್ಕೆ ಏನೂ ಲುಕ್ಸಾನ್ ಆಗಿಲ್ಲ ತಾನೆ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರಪ್ಪ?" ಎಂದರು.

"ರಾವಂದೂರು ಕಡೆ ಕಣಕ್ಕ."

"ಅಂಗೇಳು ಮತ್ತೆ. ಅವ್ರು ಮಾತಾಡದು ನಂಗೆ ಅರ್ದ ತಿಳೀಲಿಲ್ಲ," ಎಂದು ಡಾಕ್ಟರ ಕಡೆ ಕಣ್ಣು ತೋರಿಸಿ ನಕ್ಕರು.

ಇಲ್ಲಿ ನಿಲ್ಲಬೇಕು. ಆಮೇಲೆ ಆದದ್ದೆಲ್ಲ ಈ ಎರಡು ಮಾತಿನ ಮೇಲೆ ನಿಂತಿದೆ. ನಾನು ಅವರ ಕಡೆಯವನು ಎಂದು ಅವರಿಗೆ ಅನ್ನಿಸಿತು. ಹಾಗೆ ಅನ್ನಿಸಲಿ ಎಂದೇ ಹಾಗೆ ಮಾತಾಡಿದೆ. ಮೈದಾನದಲ್ಲಿ ನಾನು ಹಾಗೆ ಮಾತಾಡುವುದಿಲ್ಲ.

ಮೊದಲ ಪ್ರಶ್ನೆ, ರೆಕ್ಕೆ ಬಿಚ್ಚುವುದೋ ಬೇಡವೋ. ಬಿಚ್ಚಲು ತಿಳಿದ ನಾಲ್ಕು ಕೈ ಬೇಕು, ಗಾಳಿ ನಿಂತಿರಬೇಕು. ಒಂದು ರೆಕ್ಕೆ ಅರ್ಧ ಹೊರಬಂದು ಇನ್ನೊಂದು ಒಳಗಿರುವಾಗ ಬಿರುಗಾಳಿ ಬಂದರೆ ಎರಡೂ ಹೋಗುತ್ತವೆ, ಹಿಡಿದವರ ಕೈಯೂ ಹೋಗಬಹುದು. ಟ್ರೇಲರ್ ಬೇರೆ ಎಲ್ಲಿದೆಯೋ ತಿಳಿಯದು. ಬಿಚ್ಚುವುದು ಬೇಡ, ಇದ್ದಲ್ಲೇ ಕಟ್ಟೋಣ ಎಂದು ತೀರ್ಮಾನಿಸಿದೆ. ಆ ತೀರ್ಮಾನದ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ. ಇಡೀ ಕಥೆಯಲ್ಲಿ ಅನುಮಾನವಿಲ್ಲದ್ದು ಅದೊಂದೇ.

ಕಟ್ಟುವುದಕ್ಕೆ ಒಂದು ಕ್ರಮವಿದೆ. ಪೈಲಟ್ ಹಿಡಿದು ನಡೆಸುವ ಸ್ಟಿಕ್ಕನ್ನು ಸೀಟಿನ ಬೆಲ್ಟಿನಿಂದ ಬಿಗಿದೆ, ಗಾಳಿಗೆ ಅದು ಬಡಿದಾಡಬಾರದು. ರೆಕ್ಕೆಯ ಮೇಲ್ಮೈಯಿಂದ ಹಲಗೆಯಂತೆ ಎದ್ದು ನಿಲ್ಲುವ ಏರ್‌ಬ್ರೇಕನ್ನು ತೆರೆದಿಟ್ಟೆ. ಅದು ಎದ್ದಿದ್ದರೆ ರೆಕ್ಕೆಗೆ ಎತ್ತುವ ಬಲ ಕಡಿಮೆ. ಬಾಲದ ಚುಕ್ಕಾಣಿಗೆ ಎರಡು ಕಡೆ ಸ್ಪಂಜು ಅಂಟಿಸಿದ ಹಲಗೆ ಕೊಟ್ಟು ಬಿಗಿದೆ. ಗಾಜಿನ ಮುಚ್ಚಳ ಹಾಕಿ ಮೇಲೆ ಬಟ್ಟೆಯ ಹೊದಿಕೆ ಕಟ್ಟಿದೆ. ಗಾಳಿ ಪಶ್ಚಿಮದಿಂದ ಬರುವಂತಿತ್ತು. ಎಲ್ಲರೂ ಸೇರಿ ಗ್ಲೈಡರನ್ನು ಆ ಗಾಳಿಗೆ ಅಡ್ಡವಾಗಿ, ಮೂತಿ ಸ್ವಲ್ಪ ಆಚೆ ತಿರುಗುವಂತೆ ನಿಲ್ಲಿಸಿ, ಪಶ್ಚಿಮದ ಕಡೆಯ ರೆಕ್ಕೆಯನ್ನು ನೆಲಕ್ಕೆ ಊರಿದೆವು. ಊರಿದ ರೆಕ್ಕೆಯ ಮೇಲೆ ಗಾಳಿ ಹಾದುಹೋಗುವಾಗ ಅದನ್ನು ಇನ್ನಷ್ಟು ಕೆಳಗೆ ಒತ್ತುತ್ತದೆ.

ಮೈದುನ ಕೂತು ನೋಡುತ್ತಿದ್ದವನು ಎದ್ದು ಬಂದ. "ಉಲ್ಲಿನ ಮೆದೆಗೆ ಕಟ್ಟಂಗೆ ಕಟ್ಬುಡಿ ಸಾ. ಮೇಲಿಂದ ಅಗ್ಗ ಎಸ್ದು, ಎರಡೂ ಕಡೆ ಗುಂಡು ಕಲ್ಲು ನೇತಾಕಿ. ನಮ್ಮ ಮೆದೆ ಯಾವತ್ತೂ ಆರ್ಕಂಡು ಓಗಿಲ್ಲ."

"ಮೆದೆಗೆ ಅಂಚಿಲ್ಲ ಕಣಣ್ಣ. ಇದರ ಅಂಚು ಅಪ್ಪಳದಂಗೆ. ಕಲ್ಲು ಜೋತಾಡಿದ್ರೆ ಮುರಿದೋಗ್ತದೆ."

"ಅಪ್ಪಳದ ಮ್ಯಾಲೆ ಕುಂತ್ಕಂಡು ಪಿರಿಯಾಪಟ್ಣಕ್ಕೆ ಓಗಿದ್ರಾ ಡಾಕ್ಟ್ರಮ್ಮ?" ಎಂದು ಅವನು ಕೆನ್ನೆ ಹಿಡಿದುಕೊಂಡೇ ನಕ್ಕ.

ಆಮೇಲೆ ಗೂಟ ಹೊಡೆದೆ. ನಮ್ಮ ಗೂಟಗಳು ಉದ್ದನೆಯ ಕಬ್ಬಿಣದವು, ತಿರುಪಿನಂತೆ ನೆಲಕ್ಕೆ ಇಳಿಯುತ್ತವೆ. ಹೊಲವನ್ನು ಹೊಗೆಸೊಪ್ಪಿನ ನಾಟಿಗೆಂದು ಉತ್ತು ಕುಂಟೆ ಹೊಡೆದು ಹಿಟ್ಟಿನಂತೆ ಮಾಡಿದ್ದರು. ಗೂಟ ಬೆಣ್ಣೆಗೆ ಇಳಿದಂತೆ ಇಳಿಯಿತು. ಡಾಕ್ಟರು ಒಂದು ಕೈಯಿಂದ ಎಳೆದರು, ಬುಡಸಮೇತ ಹೊರಬಂತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಳಿಯಲು ಒಳ್ಳೆಯ ಹೊಲ, ಕಟ್ಟಲು ಕೆಟ್ಟ ಹೊಲ. ಇನ್ನು ಉಳಿದದ್ದು ಭಾರ. ಮೂಟೆ ಬೇಕು. ಕೆಲವನ್ನು ಊರಿದ ರೆಕ್ಕೆಯ ಮೇಲೆ ಹೇರಬೇಕು. ಒಂದಕ್ಕೆ ಹಗ್ಗ ಬಿಗಿದು ಮೊಣಕಾಲುದ್ದ ಗುಂಡಿಯಲ್ಲಿ ಹೂತು, ಆ ಹಗ್ಗವನ್ನು ಮೇಲೆದ್ದ ರೆಕ್ಕೆಯ ತುದಿಯ ಬಳೆಗೆ ಕಟ್ಟಬೇಕು.

ಮೂಟೆಗಳು ಕಣ್ಣ ಮುಂದೆಯೇ ಇದ್ದವು. ಹೊಲದ ಅಂಚಿನಲ್ಲಿ ಅಕ್ಕನ ಸಸಿಮಡಿ. ಬಗ್ಗಿಸಿದ ಬಿದಿರ ದಬ್ಬೆಗಳ ಮೇಲೆ ನೈಲಾನ್ ಪರದೆ, ಅದರ ಕೆಳಗೆ ಸಾಲುಸಾಲು ಟ್ರೇಗಳಲ್ಲಿ ಹೊಗೆಸೊಪ್ಪಿನ ಸಸಿ, ಇನ್ನೇನು ನಾಟಿಗೆ ಬಂದಿದ್ದವು. ಪರದೆ ಹಾರದಂತೆ ನಾಲ್ಕೂ ಕಡೆ ಅಂಚಿನ ಮೇಲೆ ಮರಳಿನ ಮೂಟೆ ಹೇರಿದ್ದರು.

ಆ ಸಸಿ ಏನೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಮಡಿ ಮಾಡುತ್ತಿದ್ದರು. ಒಬ್ಬರ ಮಡಿಯಲ್ಲಿ ಅವರ ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಸಿ ಇದೆಯೆಂದರೆ, ಉಳಿದದ್ದು ಊರಿನ ನಾಲ್ಕಾರು ಮನೆಗೆ ಹೋಗುವಂಥದ್ದು. ಸಸಿ ಪಡೆದ ಮನೆಯವರು ಸಸಿ ಕೊಟ್ಟವರ ನಾಟಿಗೆ ಮುಯ್ಯಾಳಾಗಿ ಬರುತ್ತಾರೆ. ನಿನ್ನ ಕೆಲಸಕ್ಕೆ ನಾನು, ನನ್ನ ಕೆಲಸಕ್ಕೆ ನೀನು. ಗಂಡನಿಲ್ಲದ, ದೊಡ್ಡ ಮಕ್ಕಳಿಲ್ಲದ ಮನೆಯಲ್ಲಿ ಮುಯ್ಯಿ ತೀರಿಸಲು ಆಳಿಲ್ಲ, ಸಸಿಯೇ ಆಳು. ಅಕ್ಕ ಅಂಥವರೆಂದು ಮೈದುನನ ಮಾತಿನಲ್ಲೇ ತಿಳಿದಿತ್ತು. ಮಡಿ ಹೋದರೆ ಹೋಗುವುದು ಗಿಡ ಮಾತ್ರವಲ್ಲ, ಆ ವರ್ಷ ಅವರ ಹೊಲಕ್ಕೆ ಇಳಿಯಬೇಕಾದ ಜನ.

ಇದೆಲ್ಲ ಆಗ ನನ್ನ ತಲೆಗೆ ಬಂತೇ? ಬಂತು ಎಂದೇ ಬರೆಯಬೇಕು. ಬರಲಿಲ್ಲ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ, ಅದಕ್ಕೇ.

ಮೂಟೆಯ ಮಾತು ಹೇಗೆ ಬಂತು ಎಂಬುದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಮಡಿಯ ಕಡೆ ನೋಡುತ್ತೇನೆ, ಅಕ್ಕ ನನ್ನ ನೋಟ ಹಿಡಿದು, "ಬೇಕಾದ್ರೆ ತಕ್ಕಳಿ, ಮಳೆ ನಿಂತ ಮ್ಯಾಲೆ ಮತ್ತೆ ಮಡುಗ್ಬುಡಿ," ಎನ್ನುತ್ತಾರೆ. ಇನ್ನೊಂದರಲ್ಲಿ ನಾನೇ ಕೇಳುತ್ತೇನೆ: "ಅಕ್ಕಾ, ಒಂದರ್ದ ಗಂಟೆ ಮಟ್ಟಿಗೆ ಕೊಡಕ್ಕ." ಅವರು ಸೆರಗು ಸಿಕ್ಕಿಸಿಕೊಂಡು ಮಡಿಯ ಕಡೆ ನಡೆಯುತ್ತಾರೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಡಾಕ್ಟರನ್ನು ಕೇಳಿದರೆ, ತಾನು ಆಗ ಗುಂಡಿ ತೋಡುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ ಎನ್ನುತ್ತಾರೆ.

ಆದರೆ ಯಾವ ಮೂಟೆ ತೆಗೆಯಬೇಕು, ಯಾವುದು ಬಿಡಬೇಕು ಎಂದು ಹೇಳಿದ್ದು ನಾನು. ಅದು ಒಂದೇ ನೆನಪು, ಎರಡಿಲ್ಲ. "ಗಾಳಿ ಪಡುವಲಿಂದ ಬರ್ತದೆ. ಆ ಕಡೆ ಮೂಟೆ ಮುಟ್ಟೋದು ಬೇಡ. ಬಾಕಿ ಮೂರು ಕಡೇದು ಎತ್ಕೊಳ್ಳಣ." ಹಾಗೆ ಹೇಳಿದಾಗ ನನಗೆ ಧಾರಾಳತನ ತೋರಿಸಿದಂಥ ಸಮಾಧಾನವೂ ಆಗಿತ್ತು. ಅವರ ಮಡಿಯ ಬಗ್ಗೆಯೂ ಯೋಚಿಸಿದ್ದೇನಲ್ಲ ಎಂದು.

ಮೈದುನ, ನಾನು, ಅಕ್ಕ ಹೊತ್ತು ತಂದೆವು. ನೋಡಲು ಬಂದ ಜನ ಮೊದಲ ಗುಡುಗಿಗೇ ಊರ ಕಡೆ ಓಡಿದ್ದರು. ರೆಕ್ಕೆಯ ತುದಿಯ ಹತ್ತಿರ, ಒಳಗಿನ ತೊಲೆ ಹಾದುಹೋಗುವ ಗಟ್ಟಿ ಜಾಗದಲ್ಲಿ ಮಾತ್ರ, ಕೆಳಗೆ ಸ್ಪಂಜು ಹಾಸಿ ಮೂಟೆ ಇಟ್ಟೆವು. ಒಂದನ್ನು ಹೂತು, ಮಣ್ಣು ತುಳಿದು, ಹಗ್ಗ ಕಟ್ಟಿದೆವು. ಬಾಲದ ಚಕ್ರದ ಎರಡೂ ಮಗ್ಗುಲಿಗೆ ಕೆಲವು. ಬಿಗಿಯಾದ ಹಗ್ಗವನ್ನು ಕೈಯಿಂದ ಮೀಟಿ ನೋಡಿದೆ. ಒಳ್ಳೆಯ ಕೆಲಸ ಎನ್ನಿಸಿತು.

ಮೊದಲ ಗಾಳಿ ಪಶ್ಚಿಮದಿಂದಲೇ ಬಂತು. ಕೆಂಪು ಧೂಳು ಎದ್ದು ಕಣ್ಣು ಬಿಡಲಾಗಲಿಲ್ಲ. ಗ್ಲೈಡರ್ ಒಮ್ಮೆ ನಡುಗಿ ಸುಮ್ಮನಾಯಿತು. ಊರಿದ ರೆಕ್ಕೆ ಕದಲಲಿಲ್ಲ. ಮಡಿಯ ಪರದೆ ಪಶ್ಚಿಮದ ಕಡೆ ಬಿಗಿದುಕೊಂಡು ನಿಂತಿತು. ನಾನು ಅಕ್ಕನ ಕಡೆ ತಿರುಗಿ ನಕ್ಕೆ. ನಕ್ಕದ್ದು ನೆನಪಿದೆ.

ಆಮೇಲೆ ಗಾಳಿ ನಿಂತಿತು, ಪೂರ್ತಿ ನಿಂತಿತು. ದಪ್ಪ ಹನಿಗಳು ಅಲ್ಲೊಂದು ಇಲ್ಲೊಂದು ಬಿದ್ದವು. ಮಳೆಮೋಡ ತಲೆಯ ಮೇಲೆ ಹಾದುಹೋಗುವಾಗ ಗಾಳಿ ದಿಕ್ಕು ಬದಲಿಸುತ್ತದೆಂದು ನಾನೇ ಹೊಸಬರಿಗೆ ಪಾಠ ಹೇಳುವವನು. ಅದು ಬದಲಿಸಿತು. ಈಶಾನ್ಯದಿಂದ, ಮೊದಲಿನದಕ್ಕಿಂತ ಜೋರಾಗಿ, ಆಲಿಕಲ್ಲಿನ ಜೊತೆ ನುಗ್ಗಿತು. ಈಗ ಗಾಳಿಗೆ ಎದುರಾಗಿದ್ದದ್ದು ಮೇಲೆದ್ದು ನಿಂತಿದ್ದ ರೆಕ್ಕೆ. ಅದರ ಕೆಳಗೆ ಗಾಳಿ ಹೊಕ್ಕು, ಹೂತ ಮೂಟೆಯ ಹಗ್ಗವನ್ನು ಜಗ್ಗಿತು. ಊರಿದ್ದ ರೆಕ್ಕೆಯ ಮೇಲೆ ಮಗುಚಿಬೀಳುವಂತೆ ಗ್ಲೈಡರ್ ವಾಲತೊಡಗಿತು. ನಾನು ಓಡಿ ಮೇಲಿನ ರೆಕ್ಕೆಯ ತುದಿಗೆ ಜೋತುಬಿದ್ದೆ. ಡಾಕ್ಟರೂ ಬಂದು ಜೋತುಬಿದ್ದರು. ಕಾಲು ನೆಲ ಬಿಟ್ಟಿತೋ ಇಲ್ಲವೋ, ಬಿಟ್ಟಂತೆ ನೆನಪು.

ಆಗಲೇ ಅಕ್ಕನ ಕೂಗು ಕೇಳಿಸಿದ್ದು. "ಬನ್ರಪ್ಪೋ! ಪರದೆ ಓಯ್ತದೆ, ಇಡ್ಕಬನ್ರೋ!"

ಮಡಿಯ ಪರದೆ, ನಾವು ಮೂಟೆ ತೆಗೆದ ಕಡೆಯಿಂದ, ಹಾಯಿಯಂತೆ ಉಬ್ಬಿ ಏಳುತ್ತಿತ್ತು. ಅಕ್ಕ ಒಂದು ಮೂಲೆಯ ಮೇಲೆ ಮಲಗಿಬಿಟ್ಟಿದ್ದರು. ಮೈದುನ ಇನ್ನೊಂದು ಮೂಲೆ ಹಿಡಿದಿದ್ದ. ಇನ್ನಿಬ್ಬರು ಬೇಕಿತ್ತು. ಇದ್ದದ್ದೇ ಇನ್ನಿಬ್ಬರು.

"ನಾನು ಹೋಗಲಾ?" ಎಂದು ಡಾಕ್ಟರು ಕಿರುಚಿದರು.

"ಬಿಡಬೇಡಿ!" ಎಂದೆ.

"ಒಬ್ಬರಾದರೂ ಹೋಗೋಣ!"

"ಬಿಡಬೇಡಿ ಮೇಡಂ, ಬಿಟ್ಟರೆ ಮಗುಚುತ್ತೆ!"

ಬಿಡಲಿಲ್ಲ. ಪರದೆ ಮೊದಲು ಮೈದುನನ ಕೈಯಿಂದ ಕಿತ್ತುಕೊಂಡಿತು. ದಬ್ಬೆಗಳು ಒಂದೊಂದಾಗಿ ಪಟಪಟನೆ ಮುರಿದವು. ಪರದೆ ಎದ್ದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹಂಚಿನ ಮೇಲೆ ಹೋಗಿ ಸಿಕ್ಕಿಕೊಂಡಿತು. ಟ್ರೇಗಳು ಉರುಳಿದವು. ಉರುಳದೆ ಉಳಿದವುಗಳ ಮೇಲೆ ಆಲಿಕಲ್ಲು ಬಿತ್ತು. ಅಕ್ಕ ಎದ್ದು ಕೈಗೆ ಸಿಕ್ಕ ಟ್ರೇಗಳನ್ನು ಸೆರಗಿನಡಿ ಇಟ್ಟುಕೊಂಡು ಬ್ಯಾರನ್ ಮನೆಗೂ ಮಡಿಗೂ ಓಡಾಡುತ್ತಿದ್ದರು. ನಾವು ರೆಕ್ಕೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದೆವು. ಎಷ್ಟು ಹೊತ್ತು ಎಂದು ಹೇಳಲಾರೆ.

ಮಳೆ ನಿಂತ ಮೇಲೆ ನಾನು ಮೊದಲು ಮಾಡಿದ್ದು ಗ್ಲೈಡರಿನ ತಪಾಸಣೆ. ಮಡಿಯ ಕಡೆ ಹೋಗುವ ಧೈರ್ಯ ಸಾಲದೆ ಅದನ್ನು ಬಹಳ ನಿಧಾನವಾಗಿ, ಬಹಳ ಶ್ರದ್ಧೆಯಿಂದ ಮಾಡಿದೆ. ಚುಕ್ಕಾಣಿಯ ಹಲಗೆ ಉಜ್ಜಿ ಬಣ್ಣ ಒಂದಿಷ್ಟು ಹೋಗಿತ್ತು. ಬೇರೇನೂ ಇಲ್ಲ. ಮಡಿಯಲ್ಲಿ ಸಸಿ ನೆಲಕ್ಕಂಟಿ, ಟ್ರೇಗಳಿಗೆ ತುಂಬಿದ್ದ ತೆಂಗಿನ ನಾರಿನ ಪುಡಿ ಕಾಲುವೆಯಾಗಿ ಹರಿದಿತ್ತು. ಅಕ್ಕ ಬ್ಯಾರನ್ ಮನೆಯ ಜಗಲಿಯಲ್ಲಿ ಕೂತು ಉಳಿದ ಟ್ರೇಗಳಿಂದ ಆಲಿಕಲ್ಲು ಆರಿಸುತ್ತಿದ್ದರು. ನಾನೂ ಕೂತು ಆರಿಸಿದೆ. ಬಾಗಿಲ ಹಿಂದೆ ಗೊಬ್ಬರದ ಖಾಲಿ ಚೀಲಗಳನ್ನು ಮಡಿಸಿ ಒಟ್ಟಿದ್ದು ಕಂಡಿತು.

"ಕಾಲಿ ಚೀಲ ಇದ್ವಲ್ಲಕ್ಕ," ಎಂದೆ.

"ಇದ್ವು. ಮಣ್ಣೂ ಇತ್ತು," ಎಂದರು, ತಲೆ ಎತ್ತದೆ.

ಮೈದುನ, "ಅದ್ನ ಈಗ್ ಕೇಳ್ತೀರಲ್ಲ ಸಾ," ಎಂದ. ಅವನಿಗೆ ಆಗ ತಮಾಷೆ ಮಾಡುವ ಮನಸ್ಸಿರಲಿಲ್ಲ.

ಕ್ಲಬ್ಬಿನವರು ಪರಿಹಾರದ ಮಾತೆತ್ತಿದಾಗ ಅಕ್ಕ, ಅದನ್ನು ಇಟ್ಟುಕೊಂಡು ಏನು ಮಾಡಲಿ, ಈಗ ದುಡ್ಡಿಗೆ ಸಸಿಯೂ ಸಿಕ್ಕಲ್ಲ ಆಳೂ ಸಿಕ್ಕಲ್ಲ, ಎಂದು ಹೇಳಿ ಕಳಿಸಿದರು. ನನಗೆ ಫೋನು ಮಾಡಿ ಹೇಳಿದ್ದು ಬೇರೆ: "ಸರಗೂರು ಕಡೆ ನಮ್ಮ ತಂಗಿ ಮನೇಲಿ ಒಸಿ ಸಸಿ ಕೊಡ್ತಾವ್ರೆ. ನಾಟಿಗೆ ನೀವಿಬ್ರೂ ಬನ್ನಿ. ನನ್ ಮೂಟೆ ನಿಮ್ಮ ಕೆಲ್ಸಕ್ಕೆ ಬಂತಲ್ಲ, ಅದು ಮುಯ್ಯಿ."

ಹೋದೆವು. ಅಕ್ಕನ ಸಸಿಗೆ ಕಾದಿದ್ದ ಮನೆಗಳಿಂದ ಇಬ್ಬರು ಹೆಂಗಸರು ಮಾತ್ರ ಬಂದಿದ್ದರು. ಮಿಕ್ಕವರು ಬೇರೆ ಕಡೆ ಸಸಿ ಪಡೆದು, ಬೇರೆಯವರಿಗೆ ಮುಯ್ಯಾಳಾಗಿದ್ದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಹೊಲದ ಬಹುಪಾಲು ಬರಿದಾಗಿಯೇ ಉಳಿಯುತ್ತದೆಂದು ಬೆಳಿಗ್ಗೆಯೇ ಕಾಣುತ್ತಿತ್ತು. ನಾನು ಬಹಳ ವರ್ಷಗಳ ಮೇಲೆ ಬಗ್ಗಿ ಸಸಿ ನೆಟ್ಟೆ. ಡಾಕ್ಟರು ಮೊದಲ ಬಾರಿ.

"ಏನ್ ಡಾಕ್ಟ್ರಮ್ಮ, ಅಲ್ಲು ನೆಟ್ಟಂಗೆ ನೆಡ್ತೀರಿ, ಒಸಿ ಬೇಗ ಬೇಗ," ಎಂದ ಮೈದುನ. ಅವನ ದವಡೆ ಹಲ್ಲನ್ನು ಅವರು ಅಷ್ಟರಲ್ಲಿ ಕಿತ್ತಿದ್ದರು.

ಪಕ್ಕದ ಸಾಲಿನಲ್ಲಿದ್ದ ಅಕ್ಕನನ್ನು ನಾನು ಕೇಳಿಯೇಬಿಟ್ಟೆ. "ಅಕ್ಕಾ, ಅವತ್ತು ಮೂಟೆ ತಕ್ಕಳಿ ಅಂದದ್ದು ನೀವಾ, ನಾನೇ ಕೇಳಿದ್ನಾ?"

"ಅದ ಕೇಳಕ್ ಬಂದ್ರಾ, ನೆಡಕ್ ಬಂದ್ರಾ? ಸಾಲು ತಪ್ತಾ ಅದೆ ನೋಡಿ."

ಸಾಲು ಸರಿ ಮಾಡಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಅವರೇ ಕೇಳಿದರು, ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ, ಕೋಪವಿಲ್ಲದೆ:

"ಅವತ್ತು ನೀವಿಬ್ರೂ ರೆಕ್ಕೆ ಬುಟ್ಟು ಬಂದಿದ್ರೆ, ಅದು ಮಗುಚ್ಕತಿತ್ತಾ?"

ಹೌದು ಎನ್ನಬಹುದಿತ್ತು. ಅವತ್ತು ಡಾಕ್ಟರಿಗೆ ಹಾಗೆಯೇ ಕಿರುಚಿದ್ದೆ. ಆದರೆ ಆ ಹೊತ್ತಿಗೆ ನಾನು ಮೈದಾನದಲ್ಲಿ ಕೂತು ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದ್ದೆ. ಹೂತ ಮೂಟೆ ಆ ರೆಕ್ಕೆಯನ್ನು ಎಷ್ಟು ಹಿಡಿಯಬಲ್ಲದು, ಬಾಲದ ಬಳಿಯ ಭಾರ ಎಷ್ಟು, ತೆರೆದ ಏರ್‌ಬ್ರೇಕು ಎಷ್ಟು ಬಲ ಕಳೆಯುತ್ತದೆ, ಎಲ್ಲವೂ ಗೊತ್ತು. ಗಾಳಿ ಎಷ್ಟಿತ್ತು ಎಂಬುದು ಮಾತ್ರ ಗೊತ್ತಿಲ್ಲ. ಅಳೆಯುವ ಯಂತ್ರ ಟ್ರೇಲರಿನಲ್ಲಿತ್ತು, ಟ್ರೇಲರ್ ನಾಲೆಯ ಆಚೆ ಇತ್ತು. ಒಂದು ಗಾಳಿಗೆ ಲೆಕ್ಕ ಹಾಕಿದರೆ ಗ್ಲೈಡರ್ ಮಗುಚುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆ ಗಾಳಿಗೆ ಹಾಕಿದರೆ ಅದು ಕೂತಲ್ಲೇ ಕೂತಿರುತ್ತದೆ, ನಾವಿಬ್ಬರು ಸುಮ್ಮನೆ ಅದಕ್ಕೆ ಜೋತುಬಿದ್ದಿರುತ್ತೇವೆ.

"ಗೊತ್ತಿಲ್ಲಕ್ಕ," ಎಂದೆ.

ಅವರು ಮುಂದಿನ ಸಸಿಯನ್ನು ಗುಳಿಗಿಟ್ಟು ಬುಡಕ್ಕೆ ಮಣ್ಣೊತ್ತಿದರು. ಈಗಲೂ ನನಗೆ ಗೊತ್ತಿಲ್ಲ.